ಏನೂ ಹಾಕದ ಪಾಲು ಬಿಟ್ಟರೇ ಲೆಕ್ಕ ಸಿಗೋದು

ನಮ್ಮ ಹಿರೀಸಾವೆ ಸುತ್ತಮುತ್ತ ತೆಂಗು ಮತ್ತು ರಾಗಿಯೇ ಬದುಕು. ಹೆದ್ದಾರಿ ಪಕ್ಕದ ಊರಾದ್ದರಿಂದ ಬೆಂಗಳೂರು ಕಡೆಯಿಂದ ಬರುವ ಬಾಟಲಿ, ಪೊಟ್ಟಣಗಳು ನಮ್ಮ ಮನೆ ಬಾಗಿಲಿಗೆ ಬೇಗ ಬರುತ್ತವೆ. "ಮರಕ್ಕೆ ಒಂದು ಪೌಚು ಬೇರಿಗೆ ಕಟ್ಟಿ, ಆರು ತಿಂಗಳಲ್ಲಿ ಕಾಯಿ ದುಪ್ಪಟ್ಟು" ಎನ್ನುವವರು, "ರಾಗಿಗೆ ಎರಡು ಸಲ ಸಿಂಪಡಿಸಿ, ತೆನೆ ನೋಡಿ" ಎನ್ನುವವರು, ಹೀಗೆ ವರ್ಷಕ್ಕೆ ಒಬ್ಬರಾದರೂ ಬಂದೇ ಬರುತ್ತಾರೆ. ಒಂದು ಮರದ ಖರ್ಚು ಕೇಳಿದರೆ ಜಾಸ್ತಿ ಅನಿಸೋಲ್ಲ. ತೋಟದ ಮರದ ಸಂಖ್ಯೆಯಿಂದ ಗುಣಿಸಿದಾಗ ಎದೆ ಧಸಕ್ ಅನ್ನುತ್ತೆ.

ಇವರಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ ಅಂತ ನಾನು ಹೇಳುತ್ತಿಲ್ಲ. ಕೆಲವು ವಸ್ತು ಕೆಲಸ ಮಾಡುತ್ತಿರಬಹುದು. ಯಾವುದು ಮಾಡುತ್ತೆ, ಯಾವುದು ಮಾಡೋಲ್ಲ ಅಂತ ನಮ್ಮ ಹೊಲದಲ್ಲೇ ತಿಳಿಯೋದು ಹೇಗೆ? ಇದಕ್ಕೆ ಕೃಷಿ ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿ ಒಂದು ದಾರಿ ಇದೆ. ಅದಕ್ಕೆ ಡಿಗ್ರಿ ಬೇಡ, ಮಿಷನ್ನು ಬೇಡ. ಹುರಿ, ತಕ್ಕಡಿ, ಒಂದು ನೋಟುಬುಕ್ಕು, ಒಂದು ರೂಪಾಯಿ ನಾಣ್ಯ ಇದ್ದರೆ ಸಾಕು.

ಮಣ್ಣೇ ಇಲ್ಲದ ಫ್ಲಾಸ್ಕು

ನನ್ನ ತಂಗಿಯ ಮಗಳು ಕೃಷಿ ಪದವಿ ಓದುತ್ತಿದ್ದಾಗ ಅವಳ ಜತೆ ಮಣ್ಣು ಪರೀಕ್ಷೆಯ ಪ್ರಯೋಗಾಲಯ ನೋಡುವ ಅವಕಾಶ ಸಿಕ್ಕಿತ್ತು. ಆ ದಿನ ಅಲ್ಲಿ ಮಣ್ಣಿನ ಸಾವಯವ ಇಂಗಾಲ ಅಳೆಯುತ್ತಿದ್ದರು. ವಾಕ್ಲಿ ಮತ್ತು ಬ್ಲಾಕ್ ಎಂಬ ಇಬ್ಬರು 1934ರಲ್ಲಿ ಪ್ರಕಟಿಸಿದ ಕ್ರಮ ಇದು. ನಮ್ಮ ದೇಶದ ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ಇವತ್ತಿಗೂ ಬಳಕೆಯಲ್ಲಿದೆ.

ಕ್ರಮ ಹೀಗೆ: ಒಂದು ಗ್ರಾಂ ಮಣ್ಣಿಗೆ ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣ 10 ಮಿಲಿ ಹಾಕುತ್ತಾರೆ. ಮೇಲೆ 20 ಮಿಲಿ ಗಂಧಕಾಮ್ಲ. ಫ್ಲಾಸ್ಕು ಕೈಸುಡುವಷ್ಟು ಬಿಸಿಯಾಗುತ್ತೆ. ಆ ಬಿಸಿಗೆ ಮಣ್ಣಿನಲ್ಲಿರುವ ಇಂಗಾಲ ಡೈಕ್ರೋಮೇಟನ್ನು ತಿಂದುಹಾಕುತ್ತೆ. ಅರ್ಧ ಗಂಟೆ ಬಿಟ್ಟು ನೀರು ಸೇರಿಸಿ, ತಿನ್ನದೆ ಉಳಿದ ಡೈಕ್ರೋಮೇಟ್ ಎಷ್ಟು ಅಂತ ಇನ್ನೊಂದು ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಟ್ಟು ಅಳೆಯುತ್ತಾರೆ. ಆ ದ್ರಾವಣದ ಹೆಸರು ಫೆರಸ್ ಅಮೋನಿಯಂ ಸಲ್ಫೇಟ್. ಬಣ್ಣ ಹಸಿರಿಗೆ ತಿರುಗಿದ ಕೂಡಲೇ ನಿಲ್ಲಿಸುವುದು.

ಸಾಲಾಗಿ ಇಟ್ಟಿದ್ದ ಫ್ಲಾಸ್ಕುಗಳಲ್ಲಿ ಒಂದು ಖಾಲಿ ಖಾಲಿಯಾಗಿ ಕಂಡಿತು. ಕೇಳಿದೆ. "ಮಾವ, ಅದ್ರಲ್ಲಿ ಮಣ್ಣೇ ಇಲ್ಲ. ಬೇರೆ ಎಲ್ಲಾ ಹಾಕಿದೀವಿ" ಅಂದಳು. ಮಣ್ಣು ಪರೀಕ್ಷೆಯಲ್ಲಿ ಮಣ್ಣಿಲ್ಲದ ಫ್ಲಾಸ್ಕು ಯಾಕೆ? ಅವಳು ಹೇಳಿದ ಕಾರಣ ಇಷ್ಟು: ಆ ಫೆರಸ್ ದ್ರಾವಣ ಗಾಳಿಗೆ ದಿನೇ ದಿನೇ ಬಲ ಕಳೆದುಕೊಳ್ಳುತ್ತೆ. ನಿನ್ನೆಯ ಲೆಕ್ಕ ಇವತ್ತಿಗೆ ಬರೋಲ್ಲ. ಹಾಗಾಗಿ ದಿನಾ ಮಣ್ಣಿಲ್ಲದ ಫ್ಲಾಸ್ಕಿಗೂ ಅದೇ ದ್ರಾವಣ, ಅದೇ ಆಮ್ಲ, ಅದೇ ಅರ್ಧ ಗಂಟೆ. ಅದಕ್ಕೆ ಎಷ್ಟು ಮಿಲಿ ಹಿಡಿಯಿತು, ಮಣ್ಣಿದ್ದ ಫ್ಲಾಸ್ಕಿಗೆ ಎಷ್ಟು ಕಡಿಮೆ ಹಿಡಿಯಿತು, ಆ ವ್ಯತ್ಯಾಸವೇ ಇಂಗಾಲದ ಲೆಕ್ಕ. ಅವರು ಇದನ್ನು ಬ್ಲಾಂಕ್ ಎನ್ನುತ್ತಾರೆ. ಬ್ಲಾಂಕ್ ಇಲ್ಲದೆ ಬಂದ ಅಂಕಿಗೆ ಅಲ್ಲಿ ಬೆಲೆಯೇ ಇಲ್ಲ.

ನಮ್ಮ ಹೊಲದಲ್ಲೂ ಇದೇ ಕಥೆ ಅಲ್ಲವೆ? ಒಂದು ವರ್ಷದ ಮಳೆ ಇನ್ನೊಂದು ವರ್ಷಕ್ಕಿಲ್ಲ. ಟಾನಿಕ್ ಹಾಕಿದ ವರ್ಷ ಹದವಾಗಿ ಮಳೆ ಬಿತ್ತು, ರಾಗಿ ಚೆನ್ನಾಗಿ ಬಂತು. ಪುಣ್ಯ ಮಳೆಗೋ ಟಾನಿಕ್ಕಿಗೋ? ಹೋದ ವರ್ಷದ ಇಳುವರಿ ಜತೆ ಹೋಲಿಸಿದರೆ ಉತ್ತರ ಸಿಗೋಲ್ಲ. ಅದೇ ವರ್ಷ, ಅದೇ ಹೊಲದಲ್ಲಿ, ಅದೇ ದಿನ ಬಿತ್ತಿದ, ಟಾನಿಕ್ ಒಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಕೊಟ್ಟ ಒಂದು ಪಾಲು ಬೇಕು. ಅದು ಹೊಲದ ಬ್ಲಾಂಕ್. ಹೋಲಿಕೆ ಪಾಲು ಅಂತ ಕರೆಯೋಣ.

ಹೆಬ್ಬಾಳದಿಂದ ಜಿಕೆವಿಕೆವರೆಗೆ

ಈ ರೀತಿಯ ಕೆಲಸ ನಮ್ಮ ರಾಜ್ಯಕ್ಕೆ ಹೊಸದಲ್ಲ. 1899ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಬೇಸಾಯದ ಪ್ರಯೋಗ ಕ್ಷೇತ್ರಕ್ಕೆ ದಾರಿ ಮಾಡಿದರು. ಅದನ್ನು ನಡೆಸಲು ಬಂದವರು ಲೆಹ್ಮನ್ ಎಂಬ ರಸಾಯನ ವಿಜ್ಞಾನಿ. ಅದೇ ಬೇರಿನಿಂದ ಮುಂದೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಬೆಳೆಯಿತು.

ಅಲ್ಲಿನ ಜಿಕೆವಿಕೆ ಆವರಣದ ಕೆಂಪು ಮಣ್ಣಿನಲ್ಲಿ 1978ರಿಂದ ಒಂದು ರಾಗಿ ಪ್ರಯೋಗ ನಡೆದುಬಂದಿದೆ. ಮಳೆ ನೀರಿನಲ್ಲೇ ಬೆಳೆಯುವ ರಾಗಿ, ಥೇಟ್ ನಮ್ಮದರ ಹಾಗೆ. ಒಂದು ಪಾಲಿಗೆ ಏನೂ ಇಲ್ಲ. ಒಂದಕ್ಕೆ ಹೆಕ್ಟೇರಿಗೆ 10 ಟನ್ ಲೆಕ್ಕದಲ್ಲಿ ಕೊಟ್ಟಿಗೆ ಗೊಬ್ಬರ ಮಾತ್ರ. ಒಂದಕ್ಕೆ ಶಿಫಾರಸಿನ ರಸಗೊಬ್ಬರ ಮಾತ್ರ. ಇನ್ನೆರಡಕ್ಕೆ ಕೊಟ್ಟಿಗೆ ಗೊಬ್ಬರದ ಜತೆ ಅರ್ಧ ಅಥವಾ ಪೂರ್ತಿ ರಸಗೊಬ್ಬರ. ಬರೀ ರಸಗೊಬ್ಬರದ ಪಾಲು ವರ್ಷ ಕಳೆದಂತೆ ಇಳಿಮುಖವಾಯಿತು. ಕೊಟ್ಟಿಗೆ ಗೊಬ್ಬರ ಮತ್ತು ರಸಗೊಬ್ಬರ ಎರಡೂ ಬಿದ್ದ ಪಾಲು ಹೆಚ್ಚೂ ಕೊಟ್ಟಿತು, ನಿಂತೂ ಕೊಟ್ಟಿತು. ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾಗಿದ್ದು ಪಕ್ಕದಲ್ಲೇ ಏನೂ ಹಾಕದ ಪಾಲು ಉಳಿಸಿಕೊಂಡಿದ್ದರಿಂದ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ 1843ರಲ್ಲಿ ಶುರುವಾದ ಗೋಧಿ ಪ್ರಯೋಗದಲ್ಲೂ ಗೊಬ್ಬರವೇ ಕಾಣದ ಒಂದು ಪಟ್ಟಿ ಇವತ್ತಿಗೂ ಇದೆ. ಬೆಳೆ ಕಡಿಮೆ ಬರುತ್ತೆ ಅಂತ ಯಾರೂ ಅದನ್ನು ಕೈಬಿಟ್ಟಿಲ್ಲ.

ಒಂದೇ ಪಾಲು ಸಾಲದು

"ಸರಿ, ಅರ್ಧ ಹೊಲಕ್ಕೆ ಹಾಕ್ತೀನಿ, ಅರ್ಧ ಬಿಡ್ತೀನಿ" ಎನ್ನುವವರಿದ್ದಾರೆ. ಅದೂ ಸಾಲದು. ನಮ್ಮ ಹೊಲಗಳಲ್ಲಿ ಮೇಲಿನ ಬದುವಿನ ಕಡೆ ಗರಸು, ಕೆಳಗಿನ ಬದುವಿನ ಕಡೆ ಕೊಚ್ಚಿ ಬಂದ ಗೋಡು. ಹಳೇ ತಿಪ್ಪೆ ಇದ್ದ ಜಾಗದಲ್ಲಿ ಹತ್ತು ವರ್ಷ ಆದರೂ ಪೈರು ಕಪ್ಪಗೇ ಬರುತ್ತೆ. ಅರ್ಧಕ್ಕರ್ಧ ಮಾಡಿದರೆ ನೀವು ಅಳೆಯೋದು ಟಾನಿಕ್ಕನ್ನೋ ಗೋಡನ್ನೋ ಗೊತ್ತಾಗೋಲ್ಲ.

ಪ್ರಯೋಗಾಲಯದಲ್ಲೂ ಒಂದೇ ಮಣ್ಣನ್ನು ಎರಡು ಫ್ಲಾಸ್ಕಿನಲ್ಲಿ ನೋಡುತ್ತಾರೆ. ಎರಡೂ ಹೊಂದದಿದ್ದರೆ ಮತ್ತೆ ಮೊದಲಿನಿಂದ. ಹೊಲಕ್ಕೆ ಇದನ್ನು ತಂದವರು ರೊನಾಲ್ಡ್ ಫಿಶರ್. 1919ರಲ್ಲಿ ರಾಥಮ್‌ಸ್ಟೆಡ್‌ಗೆ ಕೆಲಸಕ್ಕೆ ಸೇರಿದ ಗಣಿತಜ್ಞ. ಅವರು ಕಟ್ಟಿಕೊಟ್ಟ ನಿಯಮ ಮೂರೇ. ಅಕ್ಕಪಕ್ಕದ ಮಡಿಗಳನ್ನೇ ಹೋಲಿಸಿ. ಒಂದೇ ಸಲಕ್ಕೆ ನಂಬದೆ ಹಲವು ಕಡೆ ಮಾಡಿ. ಯಾವ ಮಡಿಗೆ ಏನು ಅನ್ನೋದನ್ನು ಚೀಟಿ ಎತ್ತಿ ನಿರ್ಧರಿಸಿ.

ಚೀಟಿ ಯಾಕೆ ಅಂದರೆ, ನಮ್ಮ ಕೈ ನಮಗೆ ಗೊತ್ತಿಲ್ಲದೇ ಪಕ್ಷಪಾತ ಮಾಡುತ್ತೆ. ತೆಂಗಿನಲ್ಲಿ ಇದು ಚೆನ್ನಾಗಿ ಕಾಣುತ್ತೆ. ಸೊರಗಿದ ಮರಕ್ಕೇ ನಾವು ಮೊದಲು ಔಷಧಿ ಕೊಡೋದು. ಒಂದು ವರ್ಷ ಸೊರಗಿದ ಮರ ಮುಂದಿನ ವರ್ಷ ಎಷ್ಟೋ ಸಲ ತಾನಾಗೇ ಚೇತರಿಸಿಕೊಳ್ಳುತ್ತೆ. ಆ ಹೆಸರು ಔಷಧಿಗೆ ಹೋಗುತ್ತೆ.

ಎಷ್ಟು ಸಲ ಮಾಡಿದರೆ ನಂಬಬಹುದು? ಫಿಶರ್ 1935ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಚಹಾದ ಉದಾಹರಣೆ ಕೊಟ್ಟರು. ಬಟ್ಟಲಿಗೆ ಹಾಲು ಮೊದಲು ಬಿತ್ತೋ ಚಹಾ ಮೊದಲು ಬಿತ್ತೋ ರುಚಿಯಲ್ಲೇ ಹೇಳುತ್ತೇನೆ ಎನ್ನುವ ಒಬ್ಬ ಹೆಂಗಸು. ಎಂಟು ಬಟ್ಟಲು ಇಡಿ, ನಾಲ್ಕು ಹಾಗೆ, ನಾಲ್ಕು ಹೀಗೆ, ಕಲಸಿ ಕೊಡಿ. ಸುಮ್ಮನೆ ಊಹೆಯ ಮೇಲೆ ಎಂಟನ್ನೂ ಸರಿ ಹೇಳುವ ಅವಕಾಶ 70ರಲ್ಲಿ ಒಂದು ಮಾತ್ರ. ಹಾಗಾಗಿ ಎಂಟೂ ಸರಿ ಹೇಳಿದರೆ ಅವರ ನಾಲಗೆಯನ್ನು ನಂಬಬಹುದು. ಒಂದೇ ಬಟ್ಟಲು ಸರಿ ಹೇಳಿದರೆ ಏನೂ ಸಾಬೀತಾಗಲಿಲ್ಲ.

ನಾನು ಮಾಡಿದ ಕ್ರಮ

ನಾನು ಆರು ಜೋಡಿ ಮಾಡಿಕೊಂಡೆ. ಒಂದು ಮಡಿ ಒಂದು ಗುಂಟೆ, ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಹುರಿ ಹಿಡಿದು ಗೂಟ ಹೊಡೆದರೆ ಒಂದು ಬೆಳಗ್ಗೆಯ ಕೆಲಸ. ಹನ್ನೆರಡು ಮಡಿ, ಹನ್ನೆರಡು ಗುಂಟೆ. ಪ್ರತಿ ಜೋಡಿಯ ಎರಡು ಮಡಿಯೂ ಅಕ್ಕಪಕ್ಕ, ಇಳಿಜಾರಿನಲ್ಲಿ ಒಂದೇ ಮಟ್ಟ. ನಾಣ್ಯ ಚಿಮ್ಮಿ, ತಲೆ ಬಿದ್ದರೆ ಎಡಗಡೆ ಮಡಿಗೆ ಟಾನಿಕ್, ಇಲ್ಲದಿದ್ದರೆ ಬಲಗಡೆಗೆ.

ಬೀಜ, ಗೊಬ್ಬರ, ಕುಂಟೆ, ಕಳೆ ಎಲ್ಲವೂ ಎರಡಕ್ಕೂ ಒಂದೇ. ಟಾನಿಕ್ ಸಿಂಪಡಿಸಿದ ದಿನ ಹೋಲಿಕೆ ಮಡಿಗೆ ಅಷ್ಟೇ ಬರೀ ನೀರು ಸಿಂಪಡಿಸಿದೆ. ಬಾಡಿದ ಪೈರಿಗೆ ನೀರೇ ಸ್ವಲ್ಪ ಗೆಲುವು ಕೊಟ್ಟರೂ ಕೊಡಬಹುದು. ಅದರ ಹೆಸರು ಟಾನಿಕ್ಕಿಗೆ ಹೋಗಬಾರದು.

ಕೊಯ್ಲಿನಲ್ಲಿ ಸುತ್ತ ಮೂರು ಮೂರು ಅಡಿ ಬಿಟ್ಟು ನಡುವಿನ 27 ಅಡಿ ಚೌಕ ಮಾತ್ರ ಕೊಯ್ದು ಬೇರೆ ಕಟ್ಟಿದೆ. ಅಂಚಿನ ಪೈರು ಪಕ್ಕದ ಮಡಿಯ ಗೊಬ್ಬರವನ್ನೂ ತಿನ್ನುತ್ತೆ, ಸಿಂಪಡಣೆಯೂ ಗಾಳಿಗೆ ಹಾರಿರುತ್ತೆ. ಹನ್ನೆರಡು ಕಟ್ಟಿಗೂ ನಂಬರು ಚೀಟಿ. ಟಾರ್ಪಾಲಿನ ಮೇಲೆ ಒಂದೊಂದಾಗಿ ಬಡಿದು, ಒಂದೇ ಬಿಸಿಲಿಗೆ ಒಣಗಿಸಿ ತೂಗಿದ್ದು. ತೂಕ ಬರೆದವರು ನಮ್ಮ ಮನೆಯವರು. ಯಾವ ನಂಬರು ಯಾವ ಮಡಿಯದ್ದು ಅಂತ ಅವರಿಗೆ ಹೇಳಿರಲಿಲ್ಲ. ತಕ್ಕಡಿ ಮುಳ್ಳು ನಡುವೆ ನಿಂತಾಗ ಯಾವ ಕಡೆಗೆ ಓದಬೇಕು ಅನ್ನುವಲ್ಲೇ ಮನಸ್ಸಿನ ಆಸೆ ನುಸುಳುತ್ತೆ.

ಇದಕ್ಕೆಲ್ಲ ಖರ್ಚು ಇಲ್ಲ ಅಂತ ಹೇಳಲಾರೆ. ಬೇರೆ ಬೇರೆ ಬಡಿಯೋದಕ್ಕೆ ಒಂದು ದಿನದ ಇಬ್ಬರ ಕೂಲಿ ಹೆಚ್ಚಿಗೆ ಬಿತ್ತು. ಪಕ್ಕದ ಹೊಲದ ದೊಡ್ಡಪ್ಪನೊಬ್ಬರು ಕಣಕ್ಕೆ ಬಂದು, "ಲೋ ಮಗ, ಕಣ್ಣಿಗೆ ಕಾಣೋದ್ನ ತಕ್ಕಡೀಲಿ ಯಾಕ್ ತೂಗ್ತಿಯೋ?" ಅಂದರು. "ಕಣ್ಣಿಗೆ ಟಾನಿಕ್ ಹಾಕಿದ್ದೇ ಹಸಿರಾಗಿ ಕಾಣ್ತು ದೊಡ್ಡಪ್ಪ, ತೂಕ ಏನ್ ಹೇಳುತ್ತೋ ನೋಡನ" ಅಂದೆ.

ತೂಕ ಹೇಳಿದ್ದು ಇದು: ಆರು ಜೋಡಿಯಲ್ಲಿ ನಾಲ್ಕರಲ್ಲಿ ಟಾನಿಕ್ ಮಡಿ ಹೆಚ್ಚು, ಎರಡರಲ್ಲಿ ಬರೀ ನೀರಿನ ಮಡಿ ಹೆಚ್ಚು. ನಾಲ್ಕು ಗೆದ್ದಿತಲ್ಲ ಅನ್ನಬಹುದು. ನಾಣ್ಯವನ್ನು ಆರು ಸಲ ಚಿಮ್ಮಿ ನೋಡಿ. ನಾಲ್ಕು ಅಥವಾ ಹೆಚ್ಚು ಸಲ ತಲೆ ಬೀಳುವ ಅವಕಾಶ 64ರಲ್ಲಿ 22, ಹೆಚ್ಚುಕಮ್ಮಿ ಮೂರಕ್ಕೊಂದು. ಅಂದರೆ ಏನೂ ಕೆಲಸ ಮಾಡದ ನೀರಿನಂಥ ವಸ್ತುವಿಗೂ ಮೂರು ಸಲಕ್ಕೆ ಒಂದು ಸಲ ಈ ಫಲಿತಾಂಶ ಬರುತ್ತೆ. ಇದನ್ನು ನಂಬಿ ಇಡೀ ಹೊಲಕ್ಕೆ ದುಡ್ಡು ಸುರಿಯಲು ನನಗೆ ಧೈರ್ಯ ಬರಲಿಲ್ಲ. ಐದು ಜೋಡಿ ಗೆದ್ದಿದ್ದರೆ ಇನ್ನೊಂದು ವರ್ಷ ನೋಡುತ್ತಿದ್ದೆ. ಆರಕ್ಕೆ ಆರೂ ಬರುವ ಅವಕಾಶ 64ರಲ್ಲಿ ಒಂದೇ. ಅಷ್ಟು ಬಂದರೆ ತಿರುಗಿ ನೋಡಲೇಬೇಕು.

ಸತುವಿನ ಮಾತು

ಆರಕ್ಕೆ ಆರೂ ಬಂದದ್ದು ಬೇರೊಂದು ವರ್ಷ, ಸತುವಿನ ಸಲ್ಫೇಟಿನಲ್ಲಿ. ಮಣ್ಣು ಪರೀಕ್ಷೆಯಲ್ಲಿ ಸತು ಕಡಿಮೆ ಅಂತ ಬಂದಿತ್ತು. ಹತ್ತು ಲಕ್ಷ ಪಾಲು ಮಣ್ಣಿಗೆ 0.6 ಪಾಲಿಗಿಂತ ಕಡಿಮೆ ಇದ್ದರೆ ಕೊರತೆ ಎಂದು ಲೆಕ್ಕ. ಶಿಫಾರಸು ಹೆಕ್ಟೇರಿಗೆ 12.5 ಕಿಲೋ, ಎಕರೆಗೆ 5 ಕಿಲೋ. ಒಂದು ಗುಂಟೆಗೆ 125 ಗ್ರಾಂ. ಸಮನಾಗಿ ಬೀಳಲಿ ಅಂತ ಮರಳಿನಲ್ಲಿ ಕಲಸಿ ಎರಚಿದೆ, ಹೋಲಿಕೆ ಮಡಿಗೆ ಬರೀ ಮರಳು. ರಂಜಕದ ಗೊಬ್ಬರದ ಜತೆ ಇದನ್ನು ಕಲಸಬಾರದು. ಆರೂ ಜೋಡಿಯಲ್ಲಿ ಸತುವಿನ ಮಡಿಯೇ ಹೆಚ್ಚು ತೂಗಿತು.

ಫಲಿತಾಂಶ ತಂಗಿ ಮಗಳಿಗೆ ಹೇಳಿದಾಗ ಅವಳು ಒಂದು ಕೊಕ್ಕೆ ಹಾಕಿದಳು. "ಮಾವ, ಸತುವಿನ ಸಲ್ಫೇಟಲ್ಲಿ ಗಂಧಕಾನೂ ಇರುತ್ತೆ. ಕೆಲಸ ಮಾಡಿದ್ದು ಯಾವ್ದು?" ಹೌದು. ಅದನ್ನು ಬಿಡಿಸಬೇಕಾದರೆ ಸತುವಿಲ್ಲದೆ ಗಂಧಕ ಕೊಡುವ, ಜಿಪ್ಸಮ್ ಹಾಕಿದ ಮೂರನೇ ಮಡಿ ಪ್ರತಿ ಜೋಡಿಗೂ ಬೇಕು. ನನ್ನ ಪ್ರಯೋಗ ಹೇಳಿದ್ದು ಇಷ್ಟೇ: ನನ್ನ ಹೊಲದಲ್ಲಿ, ಆ ವರ್ಷ, ಆ ಪೊಟ್ಟಣಕ್ಕೆ ಕೊಟ್ಟ ದುಡ್ಡು ವ್ಯರ್ಥವಾಗಲಿಲ್ಲ. ಪಕ್ಕದ ಊರಿಗೆ ಇದೇ ಮಾತು ಅನ್ವಯಿಸುತ್ತೆ ಅಂತ ಹೇಳಲು ಪಕ್ಕದ ಊರಿನಲ್ಲೂ ಯಾರಾದರೂ ಮಾಡಿರಬೇಕು.

ಅರ್ಧ ಕಿಲೋ ಮಣ್ಣಿನ ಜವಾಬ್ದಾರಿ

ಪ್ರಯೋಗಾಲಯ ಎಷ್ಟೇ ಕಟ್ಟುನಿಟ್ಟಾಗಿದ್ದರೂ ನಾವು ಕೊಡುವ ಮಣ್ಣು ಸರಿಯಿಲ್ಲದಿದ್ದರೆ ಉತ್ತರವೂ ಸರಿಯಿರೋಲ್ಲ. ಒಂದು ಎಕರೆಯ ಮೇಲಿನ ಆರಂಗುಲ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತೆ. ಅದರ ಪರವಾಗಿ ನಾವು ಕಳಿಸೋದು ಅರ್ಧ ಕಿಲೋ. ಇಂಗಾಲದ ಫ್ಲಾಸ್ಕಿಗೆ ಬೀಳೋದು ಒಂದು ಗ್ರಾಂ.

ಹಾಗಾಗಿ ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತು ಹದಿನೈದು ಕಡೆ ತೆಗೆಯಬೇಕು. ಮೇಲಿನ ಕಸ ಸರಿಸಿ, ಆರಂಗುಲ ಆಳಕ್ಕೆ ಇಳಿಜಾರಾಗಿ ಗುಂಡಿ ತೋಡಿ, ಗುಂಡಿಯ ಪಕ್ಕದಿಂದ ಮೇಲಿನಿಂದ ಕೆಳತನಕ ಒಂದೇ ದಪ್ಪಕ್ಕೆ ಮಣ್ಣು ಕೆರೆದುಕೊಳ್ಳಬೇಕು. ಬದು, ತಿಪ್ಪೆ ಜಾಗ, ಮರದ ನೆರಳು, ಈಚೆಗೆ ಗೊಬ್ಬರ ಹಾಕಿದ ಕಡೆ ಬೇಡ. ಎಲ್ಲಾ ಕಲಸಿ ದುಂಡಗೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಕಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ. ಒಣಗಿಸೋದು ನೆರಳಲ್ಲಿ. ಗೊಬ್ಬರದ ಖಾಲಿ ಚೀಲದಲ್ಲಿ ಖಂಡಿತ ತುಂಬಬೇಡಿ. ತೆಂಗಿಗಾದರೆ ಒಂದಡಿ, ಎರಡಡಿ, ಮೂರಡಿ ಆಳದ ಮಣ್ಣು ಬೇರೆ ಬೇರೆ ಇರಲಿ.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ಮಳೆಯಾಶ್ರಿತ ಭೂಮಿಯಲ್ಲಿ 10 ಹೆಕ್ಟೇರಿಗೆ ಒಂದು, ನೀರಾವರಿಯಲ್ಲಿ 2.5 ಹೆಕ್ಟೇರಿಗೆ ಒಂದು ಮಾದರಿ ಎಂಬ ಲೆಕ್ಕ ಇಟ್ಟುಕೊಂಡಿದ್ದರು. ಹತ್ತು ಹೆಕ್ಟೇರು ಅಂದರೆ 25 ಎಕರೆ. ನಮ್ಮ ಕಡೆ ಅಷ್ಟರಲ್ಲಿ ಎಷ್ಟು ಜನರ ಹೊಲ ಬರುತ್ತೆ ಲೆಕ್ಕ ಹಾಕಿ. ಚೀಟಿಯ ಅಂಕಿ ನಿಮ್ಮ ಹೊಲದ್ದೇ ಆಗಬೇಕಾದರೆ ನಿಮ್ಮ ಹೊಲದ ಮಣ್ಣನ್ನು ನೀವೇ ತೆಗೆದು ಕೊಡೋದು ವಾಸಿ.

ತೆಂಗಿಗೆ ತಾಳ್ಮೆ ಬೇಕು

ರಾಗಿಯ ಲೆಕ್ಕ ನಾಲ್ಕು ತಿಂಗಳಿಗೆ ಮುಗಿಯುತ್ತೆ. ತೆಂಗು ಹಾಗಲ್ಲ. ಹೊಂಬಾಳೆಯ ಮೊಳಕೆ ಸುಳಿಯೊಳಗೆ ಮೂಡಿ, ಅದು ಹೊರಗೆ ಬಿರಿಯಲು ಸುಮಾರು 32 ತಿಂಗಳು. ಬಿರಿದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ನೀವು ಇವತ್ತು ಕೀಳಿಸುವ ಕಾಯಿಯ ಹಣೆಬರಹ ಮೂರೂವರೆ ವರ್ಷದ ಹಿಂದೆಯೇ ಶುರುವಾಗಿದೆ. ಔಷಧಿ ಕೊಟ್ಟ ಆರು ತಿಂಗಳಲ್ಲಿ ಹರಳು ಉದುರೋದು ಕಡಿಮೆಯಾಗಬಹುದು, ಗಾತ್ರ ಸ್ವಲ್ಪ ಬದಲಾಗಬಹುದು. ಹೊಸದಾಗಿ ಹೆಚ್ಚು ಹೂ ಮೂಡಿಸಿ ಆರು ತಿಂಗಳಲ್ಲಿ ದುಪ್ಪಟ್ಟು ಕಾಯಿ ಕೊಡೋದು ಮರಕ್ಕೇ ಸಾಧ್ಯವಿಲ್ಲದ ಮಾತು.

ತೆಂಗಿನಲ್ಲಿ ಪ್ರಯೋಗ ಮಾಡುವವರು ಮೊದಲು ಏನೂ ಕೊಡದೆ ಒಂದು ವರ್ಷವಾದರೂ ಮರಮರದ ಕಾಯಿ ಎಣಿಸಿ ಬರೆದಿಡಬೇಕು. ಮರಕ್ಕೆ ಬಣ್ಣದಲ್ಲಿ ನಂಬರು ಹಾಕಿದರೆ ಕಾಯಿ ಕೀಳುವವರಿಗೂ ಗೊಂದಲವಿಲ್ಲ. ಒಂದೇ ಸಮ ಕಾಯಿ ಬಿಡುವ ಮರಗಳನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ ಒಂದಕ್ಕೆ ಕೊಡಿ, ಒಂದಕ್ಕೆ ಬಿಡಿ. ಎರಡರ ನಡುವೆ ಒಂದು ಮರ ಲೆಕ್ಕಕ್ಕೆ ಸೇರಿಸದೆ ಬಿಡಿ, ಬೇರು ಪಕ್ಕದ ಪಾತಿಗೆ ಹೋಗುತ್ತೆ. ಮೂರು ನಾಲ್ಕು ವರ್ಷ ಎಣಿಸಿ. ನಾನು ಹೀಗೆ ಆರು ಜೋಡಿ ಮರ ಗುರುತು ಮಾಡಿ ಎಣಿಸುತ್ತಿದ್ದೇನೆ. ಲೆಕ್ಕ ಪೂರ್ತಿಯಾಗದೆ ಮಾತಾಡುವುದಿಲ್ಲ.

ಇನ್ನು ಮುಂದೆ ಯಾರಾದರೂ ಬಾಟಲಿ ಹಿಡಿದು ಬಂದರೆ ಜಗಳ ಬೇಡ. "ಆರು ಮಡಿಗೆ ಆಗೋಷ್ಟು ಕೊಡಿ ಸ್ವಾಮಿ, ಪಕ್ಕದ ಆರು ಮಡಿ ಹಾಗೇ ಬಿಡ್ತೀನಿ. ಸುಗ್ಗೀಲಿ ಬಂದು ನೀವೇ ತೂಗಿ" ಅನ್ನಿ. ವಸ್ತುವಿನ ಮೇಲೆ ನಂಬಿಕೆ ಇದ್ದವರು ಒಪ್ಪುತ್ತಾರೆ. ಮಡಿ ಹಾಕುವ ಕ್ರಮದಲ್ಲಿ ಅನುಮಾನ ಬಂದರೆ ಹಾಸನದ ಹತ್ತಿರ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಕಾರೆಕೆರೆಯ ಕೃಷಿ ಕಾಲೇಜು ಇವೆ, ಹೋಗಿ ಕೇಳಿ. ಒಂದೇ ವಸ್ತುವನ್ನು ಒಂದು ಊರಿನ ನಾಲ್ಕು ಜನ ಹಂಚಿಕೊಂಡು ನೋಡಿದರೆ ಒಬ್ಬರಿಗೆ ಬೀಳುವ ಖರ್ಚು ಕಡಿಮೆ, ಸಿಗುವ ಉತ್ತರ ಗಟ್ಟಿ. ನೋಡಿದವರು ಗೆದ್ದದ್ದನ್ನೂ ಸೋತದ್ದನ್ನೂ ತೂಕದ ಸಮೇತ ಪತ್ರಿಕೆಗೆ ಬರೆಯಿರಿ.